ಖಾಲಿ ಹೊಟ್ಟಿ ಗುಳಿಗಿ

ಬಬಲೇಶ್ವರದ ಬಜಾರದಾಗ ಔಷಧದ ಅಂಗಡಿ ಇಟ್ಟವಗ ನಗಿ ಹುಡುಕ್ಕೊಂಡು ಹೋಗೋ ಕೆಲಸಿಲ್ಲ. ಎದುರಿಗೇ ಮಿರ್ಚಿ ಭಜಿ ಗಾಡಿ ಐತಿ. ಮಂದಿ ಅಲ್ಲಿ ತಿಂದು, ರಸ್ತೆ ದಾಟಿ ನನ್ನ ಕಡೆ ಬಂದು ಗ್ಯಾಸಿನ ಗುಳಿಗಿ ಕೇಳ್ತಾರ. ಮುಂಜಾನೆ ಖಾಲಿ ಹೊಟ್ಯಾಗ ಅದನ್ನ ನುಂಗಿದ್ರ ಎದಿ ಉರಿ, ಹುಳಿ ತೇಗು ಬರಂಗಿಲ್ಲ. ಸಂಜಿಗೆ ಮತ್ತ ಭಜಿ.

ಹರೀಲಾರದ ಚೀಟಿ

ಜೈನಾಪುರದ ರೈತರೊಬ್ಬರು ತಿಂಗಳಾ ಅದ ಗುಳಿಗಿಗೆ ಬರ್ತಿದ್ರು. ಡಾಕ್ಟರ ಚೀಟಿಗೆ ಲ್ಯಾಮಿನೇಷನ್ ಮಾಡಿಸಿದ್ರು. ಅದರಾಗ ಹದಿನಾಲ್ಕು ದಿನ ಅಂತ ಬರದಿತ್ತು, ಇವರು ತಿನ್ನಾಕ ಹತ್ತಿ ಐದು ವರ್ಷ ಆಗಿತ್ತು. ದಿನ ಎಂದೋ ಮುಗದಾವ ಅಂದೆ.

"ದಿನ ಮುಗದಿರಬೇಕ್ರಿ, ಚೀಟಿ ಇನ್ನೂ ಹರದಿಲ್ಲಲ್ಲ" ಅಂದ್ರು.

ನನಗ ಸಿಟ್ಟು ಬಂತು. ವರ್ಷಗಟ್ಟಲೆ ತಿಂದ್ರ ಕೆಲವರಿಗೆ ಕಬ್ಬಿಣದಂಶ, ಬಿ ಹನ್ನೆರಡು ವಿಟಮಿನ್ ಮೈಗೆ ಹತ್ತಂಗಿಲ್ಲ, ರಕ್ತ ಇಳೀತೈತಿ, ಮೊದಲ ಡಾಕ್ಟರನ್ನ ಕೇಳ್ರಿ ಅಂತ ಅರ್ಧಾ ತಾಸು ಭಾಷಣ ಬಿಗದೆ. ಅವರು ಚೀಟಿ ಕಿಸೆದಾಗ ಇಟಗೊಂಡು ಎದ್ದು ಹೋದ್ರು, ಮೂರು ತಿಂಗಳು ಈ ಕಡೆ ಸುಳೀಲಿಲ್ಲ. ಬ್ಯಾರೆ ಅಂಗಡಿ ಹಿಡದಾರ ಅನಕೊಂಡೆ. ಭಾಷಣ ಮಾಡಿ ಅವತ್ತು ನನಗೂ ಎದಿ ಉರದಿತ್ತು. ಡಬ್ಬಿ ತಗದು ಒಂದು ಗುಳಿಗಿ ನುಂಗಿದೆ.

ಅಕ್ಕೋರ ಲೆಕ್ಕ

ಘೋಣಸಗಿ ಸಾಲಿ ಅಕ್ಕೋರಿಗೆ ರಕ್ತ ಕಡಿಮಿ, ಡಾಕ್ಟರು ಕಬ್ಬಿಣದ ಗುಳಿಗಿ ಕೊಟ್ಟಿದ್ರು. ಅದನ್ನ ತಿಂದ್ರ ಹೊಟ್ಟಿ ಉರಿ, ಉರಿಗೆ ಗ್ಯಾಸಿನ ಗುಳಿಗಿ. ಈ ಗ್ಯಾಸಿನ ಗುಳಿಗಿ ಆ ಕಬ್ಬಿಣದಂಶ ಮೈಗೆ ಹತ್ತಗೊಡಂಗಿಲ್ಲ ಅಂತ ಹೇಳಿದೆ. ಗಣಿತ ಕಲಸೋರು, ಬೆರಳು ಎಣಿಸಿ ವಿಚಾರ ಮಾಡಿದ್ರು. ಒಂದು ನಳ ಟಾಕಿ ತುಂಬತೈತಿ, ಇನ್ನೊಂದು ಖಾಲಿ ಮಾಡತೈತಿ, ಈ ಲೆಕ್ಕ ನಾನೇ ಕಲಸ್ತೇನಿ ಅಂದ್ರು. ಹಂಗಾರ ಉತ್ತರ ಏನ್ರಿ ಅಂತ ಕೇಳಿದೆ.

"ಅದು ಪುಸ್ತಕದ ಹಿಂದ ಇರ್ತೈತ್ರಿ."

ಒಂದು ಬಾಟ್ಲಿ

ಟಿಕೋಟಾಕ್ಕ ಕೊಟ್ಟ ನಮ್ಮ ಅಕ್ಕಗ ವಿಜಯಪುರದಾಗ ಆಪರೇಷನ್ ಇತ್ತು. ಬಿ ಪಾಸಿಟಿವ್ ರಕ್ತ ಒಂದು ಬಾಟ್ಲಿ ಬೇಕು, ಇಲ್ಲಂದ್ರ ಆಪರೇಷನ್ ಮುಂದ ಹೋಗ್ತೈತಿ ಅಂದ್ರು. ನಂದೂ ಅದ ಗುಂಪು. ತಮ್ಮ ಇರೂತನ ಚಿಂತಿ ಯಾಕಬೇ ಅಂತ ಅಕ್ಕಗ ಹೇಳಿ, ಅಂಗಿ ತೋಳು ಮಡಚಿಗೊಂಡು ಹೋದೆ.

ದಿನಾ ಏನರ ಔಷಧ ತಗೋತೀರೇನು ಅಂತ ಸಿಸ್ಟರ್ ಕೇಳಿದ್ರು. ಏನಿಲ್ರಿ, ಬರೇ ಗ್ಯಾಸಿನ ಗುಳಿಗಿ, ಅದೂ ಒಂದು ಔಷಧ ಏನು ಅಂದೆ. ಔಷಧದ ಅಂಗಡಿ ಮಾಲಕ ನಾನು ಆಡೋ ಮಾತು ನೋಡ್ರಿ! ಎಷ್ಟು ದಿನದಿಂದ ಅಂದ್ರು. ಅಂಗಡಿ ತಗದಾಗಿಂದ, ಹನ್ನೊಂದು ವರ್ಷ. ಬೆರಳು ಚುಚ್ಚಿ ನೋಡಿದ್ರು. ನಿಮ್ಮ ರಕ್ತನ ಕಡಿಮಿ ಐತಿ, ಗುಳಿಗಿಯಿಂದನೋ ಏನೋ ಪರೀಕ್ಷಾ ಮಾಡಿಸ್ರಿ, ನಿಮ್ಮ ಕಡೆ ತಗೊಳ್ಳಾಕ ಬರಂಗಿಲ್ಲ ಅಂದ್ರು.

ಅಕ್ಕನ ಮಾರಿ ಹೆಂಗ ನೋಡ್ಲಿ? ಅಂಜಿಕಿ ಒಂದು ಕಡೆ, ನಾಚಿಕಿ ಒಂದು ಕಡೆ. ಅಂಗಡ್ಯಾಗ ಕುಂತಿದ್ದ ಹೆಂಡತಿಗೆ ಫೋನ್ ಹಚ್ಚಿ, ಆ ಗುಂಪಿನವರು ಯಾರರ ಸಿಕ್ರ ಕಳಸು ಅಂದೆ. ಎರಡು ತಾಸಿನಾಗ ಬಸ್ಸಿಳದು ಬಂದವರು ಜೈನಾಪುರದ ಅದ ರೈತರು. ಬಜಾರಕ್ಕ ಬಂದಿದ್ದವರು ಹೆಂಡತಿ ವಿಚಾರಸೋದು ಕೇಳಿ, ನಂದೂ ಅದ ಗುಂಪು ಅಂತ ಬಸ್ ಹತ್ತಿದ್ರಂತ. ಅವರ ರಕ್ತ ನೋಡಿ ಸಿಸ್ಟರ್ ಖುಷಿ ಆದ್ರು. ಅಕ್ಕನ ಆಪರೇಷನ್ ಚಲೋ ಆತು.

ಅವರ ಕೈ ಹಿಡಕೊಂಡು ಕಣ್ಣಾಗ ನೀರು ತಂದೆ. ನಿಮ್ಮ ರಕ್ತ ಇಷ್ಟು ಗಟ್ಟಿ ಹೆಂಗ್ರಿ ಯಪ್ಪಾ ಅಂತ ಕೇಳಿದೆ.

"ನೀವು ಹೇಳಿದ್ರಲ್ರಿ. ಡಾಕ್ಟರನ್ನ ಕೇಳಿ ಗುಳಿಗಿ ಬಿಟ್ಟೆ, ಮಿರ್ಚಿನೂ ಬಿಟ್ಟೆ" ಅಂದ್ರು. ಆಮ್ಯಾಲ ನನ್ನ ಬಿಳಚಿಕೊಂಡ ಮಾರಿ ನೋಡಿ, ಮರುಗಿ ಕೇಳಿದ್ರು: "ನಿಮಗ ಯಾರೂ ಹೇಳಲಿಲ್ಲೇನ್ರಿ?"