ಒಂದು ಕಾಲು ಒಳಗಿತ್ತು

"ಈ ನಾಯಿಗೆ ಕಪ್ ಗೆಲ್ಲಿಸದಿದ್ದರ ನಾನು ಉಡಚಪ್ಪ ಮಾಸ್ತರನ ಅಲ್ಲ."

ಬೆಟಗೇರಿಯ ತಮ್ಮ ಮನೆಯ ಕಟ್ಟೆಯ ಮೇಲೆ ನಿಂತು, ಕೊರಳಲ್ಲಿ ಹಳೆಯ ಸೀಟಿ ತೂಗಿಸಿಕೊಂಡು ಮಾಸ್ತರರು ಈ ಪ್ರತಿಜ್ಞೆ ಮಾಡಿದಾಗ ಕೇಳಿಸಿಕೊಂಡವರು ಇಬ್ಬರೇ. ಒಬ್ಬರು ಮೆಂತ್ಯೆ ಸೋಸುತ್ತಿದ್ದ ಹೆಂಡತಿ ಸಾವಂತ್ರೆವ್ವ. ಇನ್ನೊಂದು ಸ್ವತಃ ನಾಯಿ. ಅದು ದೊಡ್ಡದಾಗಿ ಆಕಳಿಸಿತು.

"ಉಡಚಪ್ಪ ಅಲ್ಲಂದ್ರ ಮತ್ಯಾರಾಗ್ತೀರಿ?" ಎಂದರು ಸಾವಂತ್ರೆವ್ವ. "ಮೊದಲ ಹೇಳಿಬಿಡ್ರಿ, ರೇಶನ್ ಕಾರ್ಡಿನ್ಯಾಗೂ ಹೆಸರು ತಿದ್ದಿಸಬೇಕಾಗತೈತಿ."

ಮಾಸ್ತರರ ನೋವು ಸಣ್ಣದಲ್ಲ. ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯ ಶಾಲೆಗಳಲ್ಲಿ ಮೂವತ್ತೈದು ವರ್ಷ ಆಟದ ಮಾಸ್ತರಿಕೆ ಮಾಡಿದವರು. ಅವರು ತಯಾರು ಮಾಡಿದ ತಂಡಗಳು ಫೈನಲ್ ತನಕ ಗುಡುಗುತ್ತಾ ಹೋಗಿ, ಫೈನಲ್‌ನಲ್ಲಿ ಸೋತು ಚಹಾ ಕುಡಿದು ವಾಪಸ್ ಬರುತ್ತಿದ್ದವು. ಕಪ್ ಇಡಲೆಂದು ಗೋಡೆಯಲ್ಲಿ ಮಾಡಿಸಿದ ಗೂಡಿನಲ್ಲಿ ಈಗ ಉಪ್ಪಿನಕಾಯಿ ಭರಣಿ ಕೂತಿದೆ. ಇಂಥ ಹೊತ್ತಿನಲ್ಲಿ ಗದಗಿನಲ್ಲಿ ನಾಯಿಗಳ ಚುರುಕುತನದ ಸ್ಪರ್ಧೆ ಎಂಬ ಖಬರು ಬಂತು. ನಾಯಿ ಅಡ್ಡಕೋಲು ಜಿಗಿಯಬೇಕು, ಕೊಳವೆಯೊಳಗೆ ನುಸುಳಬೇಕು, ಹನ್ನೆರಡು ಗೂಟಗಳ ನಡುವೆ ಹಾವಿನಂತೆ ಹರಿಯಬೇಕು, ಇಳಿಜಾರು ಹಲಗೆ ಹತ್ತಿ ಇಳಿಯಬೇಕು. ಪಕ್ಕದಲ್ಲಿ ಮನೆಯವರೊಬ್ಬರು ಓಡುತ್ತಾ ದಾರಿ ತೋರಿಸಬೇಕು. ಮಾಸ್ತರರ ಕಣ್ಣು ಭರಣಿಯ ಕಡೆ ಹೋಯಿತು.

ನಾಯಿಯ ವಂಶ ಹೇಳುವುದಾದರೆ ಅರ್ಧ ಮುಧೋಳ, ಅರ್ಧ ಬೆಟಗೇರಿ. ಮಾಸ್ತರರು ಇಟ್ಟ ಹೆಸರು ಪವನ. ಹುಟ್ಟಿದಾಗ ಗೆಣಸಿನಂತೆ ಇತ್ತೆಂದು ಸಾವಂತ್ರೆವ್ವ ಕರೆಯುವುದು ಗೆಣಸ್ಯಾ. ಪವನ ಎಂದರೆ ಅದು ಅಲುಗುವುದಿಲ್ಲ. ಗೆಣಸ್ಯಾ ಎಂದರೆ ಅಡುಗೆಮನೆಯ ಬಾಗಿಲಲ್ಲಿ ಹಾಜರು.

ಆಟದ ಮಾತು ಎದ್ದಾಗಲೆಲ್ಲ ಈ ಮನೆಯಲ್ಲಿ ಒಂದು ಹಳೆಯ ಕೇಸೂ ಎದ್ದು ಕೂರುತ್ತದೆ. ಸಾವಂತ್ರೆವ್ವ ಮುಂಡರಗಿಯ ಹುಡುಗಿ. ಎರಡು ಜಡೆ, ಕೆಂಪು ರಿಬ್ಬನ್ನು, ಖೋಖೋ ಅಂಗಳಕ್ಕಿಳಿದರೆ ಕೈಗೆ ಸಿಗುತ್ತಿರಲಿಲ್ಲ. ಎಂಬತ್ತೈದನೆಯ ಇಸವಿ, ಆಗಿನ ಧಾರವಾಡ ಜಿಲ್ಲೆಯ ಫೈನಲ್ ಪಂದ್ಯ ಗದಗಿನಲ್ಲಿ, ಎದುರಿಗೆ ಲಕ್ಷ್ಮೇಶ್ವರದ ಹುಡುಗಿಯರು. ಕೊನೆಯ ನಿಮಿಷದಲ್ಲಿ ಸಾವಂತ್ರಿ ಬೆನ್ನಟ್ಟಿದವಳನ್ನು ತಪ್ಪಿಸಲು ಗೆರೆಯ ಅಂಚಿಗೆ ಹೋಗಿ ಗರ್ರನೆ ಹೊರಳಿದಳು. ಎರಡೂ ಕಾಲು ಗೆರೆ ದಾಟಿದರೆ ಔಟ್ ಎಂಬುದು ಖೋಖೋ ಕಾನೂನು. ಆಗಷ್ಟೇ ನೌಕರಿ ಸೇರಿದ್ದ ಇಪ್ಪತ್ನಾಲ್ಕರ ಅಂಪೈರು ಸೀಟಿ ಊದಿ ಕೈ ಎತ್ತಿಬಿಟ್ಟ. ಮುಂಡರಗಿ ಒಂದೇ ಒಂದು ಅಂಕದಿಂದ ಸೋತಿತು.

ಆ ಅಂಪೈರು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೂರು ವರ್ಷದ ಮೇಲೆ ಹಿರಿಯರು ನೋಡಿದ ಸಂಬಂಧವೆಂದು ಅವನು ಕನ್ಯೆ ನೋಡಲು ಮುಂಡರಗಿಗೆ ಹೋದ. ಹುಡುಗಿ ಅವಲಕ್ಕಿಯ ತಾಟು ಹಿಡಿದು ಬಂದಳು, ಮುಖ ನೋಡಿದಳು, ಎಲ್ಲರ ಎದುರಿಗೆ ಮೊದಲ ಮಾತು ಆಡಿದಳು.

"ಒಂದು ಕಾಲು ಒಳಗಿತ್ತು."

"ಅಂಪೈರ್ ಮಾತು ಕಡೀ ಮಾತು," ಎಂದ ಹುಡುಗ.

ಹಿರಿಯರಿಗೆ ತಲೆಬುಡ ತಿಳಿಯಲಿಲ್ಲ. ಹುಡುಗ ಹುಡುಗಿ ಆಗಲೇ ಮಾತಿಗಿಳಿದರಲ್ಲ ಎಂದು ಖುಷಿಪಟ್ಟು ಎಲೆ ಅಡಿಕೆ ಬದಲಿಸಿಕೊಂಡರು. ಮದುವೆಯಾದ ಮೇಲೆ ಸಾವಂತ್ರೆವ್ವ ಮತ್ತೆ ಅಂಗಳಕ್ಕೆ ಇಳಿಯಲಿಲ್ಲ. ಆ ಮಾತು ಮಾತ್ರ ಮನೆಯಲ್ಲೇ ಉಳಿಯಿತು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮಾಸ್ತರರು ತೀರ್ಪು ಕೊಟ್ಟರೆ, "ನಿಮ್ಮ ತೀರ್ಪು ನನಗ ಗೊತ್ತೈತಿ, ಒಂದು ಕಾಲು ಒಳಗಿತ್ತು" ಎಂದು ಉತ್ತರ ಬರುತ್ತಿತ್ತು. ನಗುತ್ತಲೇ ಹೇಳುತ್ತಿದ್ದರು. ಆದರೆ ಆ ನಗುವಿನ ಹಿಂದೆ ಎರಡು ಜಡೆಯ ಹುಡುಗಿಯೊಬ್ಬಳು ನಲವತ್ತು ವರ್ಷದಿಂದ ಗೆರೆಯ ಅಂಚಿನಲ್ಲೇ ನಿಂತು ಕಾಯುತ್ತಿದ್ದಾಳೆಂದು ಮಾಸ್ತರರಿಗೂ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದರು.

ಇರಲಿ, ನಾಯಿಗೆ ಬರೋಣ. ಮಾಸ್ತರರು ಅದನ್ನು ಪಶುವೈದ್ಯೆ ಗುಲ್ನಾಜ ಅವರ ಹತ್ತಿರ ಒಯ್ದರು. ಡಾಕ್ಟರು ಪಕ್ಕೆ ಒತ್ತಿ ನೋಡಿ, ಇನ್ನೊಮ್ಮೆ ಒತ್ತಿ ನೋಡಿ, ತಲೆ ಅಲ್ಲಾಡಿಸಿದರು.

"ಸರ್, ಕೈ ಆಡಿಸಿದ್ರ ಪಕ್ಕೆಲುಬು ಹತ್ತಬೇಕು. ಇಲ್ಲಿ ಬರೇ ಗಾದಿ ಐತಿ. ಮೂರು ಕಿಲೋ ಇಳಿಸ್ರಿ. ಓಡೋಕ ಮುಂಚೆ ಹತ್ತು ನಿಮಿಷ ನಡಿಸಿ ಮೈ ಬಿಸಿ ಮಾಡ್ರಿ. ಉಂಡ ಕೂಡ್ಲೆ ಜಿಗಿಸಬ್ಯಾಡ್ರಿ. ಗಟ್ಟಿ ನೆಲದ ಮ್ಯಾಲೂ ಬ್ಯಾಡ, ಕೀಲಿಗೆ ಪೆಟ್ಟು. ಉಗುರು ಕತ್ತರಿಸ್ರಿ, ವಾರಕ್ಕೊಂದಿನ ಆರಾಮ ಕೊಡ್ರಿ."

ಅಂದೇ ಸಂಜೆ ಪಡಸಾಲೆಯ ಗೋಡೆಯ ಮೇಲೆ ವೇಳಾಪಟ್ಟಿ ಏರಿತು. ಮುಂಜಾನೆ ಐದೂವರೆಗೆ ನಡಿಗೆ, ಆರಕ್ಕೆ ಹಿತ್ತಲಲ್ಲಿ ಓಟ, ಏಳಕ್ಕೆ ಮೈ ತಣಿಸಲು ಓಣಿಯಲ್ಲಿ ಒಂದು ಸುತ್ತು. ಊಟ ಅಳೆದು ತೂಗಿ ಎರಡು ಹೊತ್ತು. ಭಾನುವಾರ ರಜೆ. ನಾಯಿಯ ಹಾಜರಿಗೂ ಒಂದು ಕಾಲಮ್ಮು ಇತ್ತು.

ಹದಿನೈದು ದಿನ ಮಾಸ್ತರರು ಎದೆ ಸೆಟೆಸಿ, ನೇರ ಮುಂದೆ ನೋಡುತ್ತಾ, ನಾಯಿಯ ಹಗ್ಗ ಬಿಟ್ಟು ಓಣಿ ಸುತ್ತಿದರು. ಹಿಂದೆ ತಿರುಗಿ ನೋಡುವುದು ಶಿಸ್ತಲ್ಲ. ಹದಿನಾರನೆಯ ದಿನ ತೂಕ ಹಾಕಿದರೆ ನಾಯಿ ಒಂದೂವರೆ ಕಿಲೋ ಏರಿತ್ತು. ಇಳಿದದ್ದು ಮಾಸ್ತರರು, ಎರಡು ಕಿಲೋ.

"ತಕ್ಕಡಿ ಕೆಟ್ಟೈತಿ," ಎಂದರು ಮಾಸ್ತರರು.

"ತಕ್ಕಡಿ ಬರೋಬ್ಬರಿ ಐತಿ. ನಾಳಿ ಏಳಕ್ಕ ಓಣ್ಯಾಗ ಹೊಳ್ಳಿ ನೋಡ್ರಿ," ಎಂದರು ಸಾವಂತ್ರೆವ್ವ.

ಮರುದಿನ ಮಾಸ್ತರರು ಹೊಳ್ಳಿ ನೋಡಿದರು. ಏಳು ಗಂಟೆ ಎಂದರೆ ಓಣಿಯಲ್ಲಿ ರೊಟ್ಟಿ ಬಡಿಯುವ ಹೊತ್ತು. ಮೊದಲ ರೊಟ್ಟಿ ನಾಯಿಗೆ ಎಂಬುದು ಅಲ್ಲಿಯ ಹೆಣ್ಣುಮಕ್ಕಳು ಅಜ್ಜಿಯಂದಿರಿಂದ ಪಡೆದ ಪದ್ಧತಿ. ಒಂಬತ್ತು ಮನೆ, ಒಂಬತ್ತು ಮೊದಲ ರೊಟ್ಟಿ, ಎರಡು ಮನೆಯಲ್ಲಿ ಮೇಲೆ ಬೆಣ್ಣೆ. ಮಾಸ್ತರರು ಮೈ ತಣಿಸುವ ನಡಿಗೆ ನಡೆಸುತ್ತಿದ್ದರೆ ಅವರ ಬೆನ್ನ ಹಿಂದೆ ದಿನವೂ ಸಣ್ಣದೊಂದು ದಾಸೋಹ ನಡೆದಿತ್ತು.

"ನಿನಗ ಗೊತ್ತಿತ್ತು?"

"ಓಣಿಗೆಲ್ಲ ಗೊತ್ತಿತ್ತು. ನೋಡಬೇಕಾದ್ದನ್ನ ನೀವು ಯಾವತ್ತು ನೋಡೀರಿ?"

ಮಾತು ಎಲ್ಲಿಗೆ ಹೊರಟಿದೆಯೆಂದು ತಿಳಿದು ಮಾಸ್ತರರು ಸ್ನಾನಕ್ಕೆ ಎದ್ದು ಹೋದರು.

ಓಣಿಯ ಸುತ್ತು ಬಂದಾಯಿತು. ಒಂದೂವರೆ ತಿಂಗಳಲ್ಲಿ ನಾಯಿಯ ಪಕ್ಕೆಲುಬು ಕೈಗೆ ಸಿಕ್ಕಿತು. ಇನ್ನು ವಿದ್ಯೆ. ಹಿತ್ತಲ ಮಣ್ಣಿನಲ್ಲಿ ಮೈದಾನ ಸಿದ್ಧವಾಯಿತು. ಎರಡು ಕೊಡದ ಮೇಲೆ ಬಿದಿರ ಕೋಲಿಟ್ಟರೆ ಅಡ್ಡಕೋಲು. ಹಳೆಯ ಬಾಗಿಲೆರಡನ್ನು ಒರಗಿಸಿದರೆ ಇಳಿಜಾರು. ಕುರ್ಚಿಗಳ ಸಾಲಿನ ಮೇಲೆ ಅತ್ತೆ ಹೊಲಿದ ಕೌದಿ ಹೊದಿಸಿದರೆ ಕೊಳವೆ. ಪಕ್ಕದಲ್ಲಿ ಹನ್ನೆರಡು ಗೂಟಗಳ ಸಾಲು. ಆದರೆ ಎತ್ತು ಏರಿಗೆ, ಕೋಣ ನೀರಿಗೆ. ಮಾಸ್ತರರು ಕೊಳವೆ ತೋರಿಸಿದರೆ ನಾಯಿ ಮಾಸ್ತರರ ಮುಖ ನೋಡುತ್ತಿತ್ತು. ನಾನೇ ಮಾಡಿ ತೋರಿಸಬೇಕು ಎಂದು ಅವರು ನುಗ್ಗಿದರು. ನಡುವಿನ ಕುರ್ಚಿಗೆ ಸಿಕ್ಕಿಕೊಂಡರು. ಕೌದಿ ಎಳೆದು ಅವರನ್ನು ಹೊರತೆಗೆಯುವಾಗ ನಾಯಿ ಬಾಲ ಅಲ್ಲಾಡಿಸಿತು. ಛಲ ಬಿಡದೆ ಅಡ್ಡಕೋಲನ್ನೂ ಜಿಗಿದು ತೋರಿಸಿದರು. ಮೊಣಕಾಲು ಕಟಕ್ ಎಂದಿತು.

ಗಾಬರಿಯಲ್ಲಿ ಅವರು ಫೋನು ಮಾಡಿದ್ದು ಗುಲ್ನಾಜ ಡಾಕ್ಟರಿಗೇ.

"ಸರ್, ನಾ ದನದ ಡಾಕ್ಟರ್ರಿ. ಆದ್ರೂ ಕೇಳ್ತೀನಿ. ಜಿಗಿಯೋಕ ಮುಂಚೆ ಹತ್ತು ನಿಮಿಷ ಮೈ ಬಿಸಿ ಮಾಡಿದ್ರಾ?"

"ಮಾಡಿಸಿದ್ದೆ."

"ಯಾರಿಗೆ?"

"ನಾಯಿಗೆ."

ಮೊಣಕಾಲಿಗೆ ಪಟ್ಟಿ ಬಿತ್ತು. ಸ್ಪರ್ಧೆಗೆ ಹತ್ತೇ ದಿನ. ಕುರ್ಚಿಯಲ್ಲಿ ಕೂತ ಮಾಸ್ತರರ ಮುಖ ನೋಡಲಾಗದೆ ಸಾವಂತ್ರೆವ್ವ ಒಂದು ಮುಂಜಾನೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಲಿಗೆ ಇಳಿದರು. ಗೂಟದ ಸಾಲನ್ನು ಸುಮ್ಮನೆ ನೋಡುತ್ತಾ ನಿಂತರು. ಖೋಖೋ ಅಂಗಳದಲ್ಲಿ ಒಬ್ಬರು ಈಚೆ ಮುಖ, ಒಬ್ಬರು ಆಚೆ ಮುಖ ಮಾಡಿ ಕೂತ ಗೆಳತಿಯರು ಅವರಿಗೆ ಅಲ್ಲಿ ಕಂಡಿರಬೇಕು.

"ಇದು ನಮ್ಮ ಸಿಂಗಲ್ ಚೈನ್ ಅಲ್ಲೇನ್ರಿ? ಒಬ್ಬರ ಬಲಕ್ಕ, ಒಬ್ಬರ ಎಡಕ್ಕ. ಬಾರೋ ಗೆಣಸ್ಯಾ."

ಐವತ್ತೆಂಟರ ಹೆಣ್ಣುಮಗಳು ಗೂಟಗಳ ನಡುವೆ ಮೆಲ್ಲಗೆ ಹರಿದರು, ಆಮೇಲೆ ಜೋರಾಗಿ ಹರಿದರು, ಹಿಂದೆ ನಾಯಿ ಹರಿಯಿತು. ಮಾಸ್ತರರು ಕುರ್ಚಿಯಲ್ಲಿ ಕೂತು ಕಣ್ಣು ಕೀಳದೆ ನೋಡಿದರು. ಕೊರಳಲ್ಲಿದ್ದ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು.

ಸ್ಪರ್ಧೆಯ ದಿನ ಮೈದಾನದ ಬಾಗಿಲಲ್ಲೇ ಗುಲ್ನಾಜ ಸಿಕ್ಕರು. ಅವರ ಕಣ್ಣು ಮೊದಲು ಹೋದದ್ದು ಮಾಸ್ತರರ ಕೊರಳಿಗೆ.

"ಸರ್, ಏನರ ಆಗ್ಲಿ, ಸೀಟಿ ಊದಬ್ಯಾಡ್ರಿ. ಇಲ್ಲಿ ಎಲ್ಲಾ ನಾಯಿಗೂ ಸೀಟಿ ಕೇಳಿದ್ರ ಓಡಿ ಬರೋದು ಕಲಿಸಿರ್ತಾರ."

"ಮೂವತ್ತೈದು ವರ್ಷ ಸೀಟಿ ಊದಿದವನಿಗೆ ಹೇಳ್ತೀಯೇನವಾ?" ಎಂದು ಮಾಸ್ತರರು ಮೈದಾನದ ಸುಣ್ಣದ ಗೆರೆಯ ಹತ್ತಿರ ಕೂತರು.

ಸಾವಂತ್ರೆವ್ವ ಚಪ್ಪಲಿ ಬಿಟ್ಟು ಮಣ್ಣು ಮುಟ್ಟಿ ನಮಸ್ಕಾರ ಮಾಡಿ ಒಳಗೆ ಹೋದರು. ನಲವತ್ತು ವರ್ಷದ ಮೇಲೆ ಅದೇ ಗದಗಿನ ಮಣ್ಣು. ಅಡ್ಡಕೋಲು ದಾಟಿತು ನಾಯಿ, ಕೊಳವೆ ನುಸುಳಿತು. ಗೂಟದ ಸಾಲಿಗೆ ಬಂದಾಗ ಸಾವಂತ್ರೆವ್ವನ ಮೈ ತಾನಾಗಿ ಎಡಕ್ಕೆ ಬಲಕ್ಕೆ ಬಳುಕಿತು, ನಾಯಿ ಆ ಮೈಯನ್ನೇ ಓದುತ್ತಾ ಹರಿಯಿತು. ಜನ ಎದ್ದು ನಿಂತರು. ಮಾಸ್ತರರಿಗೆ ಕಣ್ಣು ಮಂಜಾಗಿ ಕೆಂಪು ರಿಬ್ಬನ್ನೇ ಕಂಡಿತು. ಕೊನೆಯ ಇಳಿಜಾರು ಹಲಗೆ. ಅದರ ಬುಡಕ್ಕೆ ಹಳದಿ ಬಣ್ಣ ಬಳಿದಿರುತ್ತಾರೆ. ಇಳಿಯುವಾಗ ನಾಯಿ ಅಲ್ಲಿ ಒಂದು ಕಾಲಾದರೂ ಊರಬೇಕು. ಗೆಣಸ್ಯಾ ಇಳಿದು ಹಾರಿ ಮುಕ್ತಾಯದ ಗೆರೆ ದಾಟಿತು. ಎಲ್ಲರಿಗಿಂತ ಕಡಿಮೆ ಸಮಯ.

ನಿರ್ಣಾಯಕ ಕೈ ಎತ್ತಿದ. ಹಳದಿಯಲ್ಲಿ ಕಾಲು ಊರಿಲ್ಲ, ತಪ್ಪು. ಗೆಣಸ್ಯಾ ಎರಡನೆಯ ಸ್ಥಾನಕ್ಕೆ ಜಾರಿತು, ಎರಡನೆಯ ಸ್ಥಾನಕ್ಕೆ ಕಪ್ ಇರಲೇ ಇಲ್ಲ.

ಮಾಸ್ತರರು ಪಟ್ಟಿಯ ಕಾಲು ಎಳೆಯುತ್ತಾ ಮೈದಾನದೊಳಗೆ ನುಗ್ಗಿದರು.

"ಏನ್ ಹೇಳ್ತೀಯೋ ತಮ್ಮಾ! ಕಣ್ಣಾರೆ ನೋಡೀನಿ! ಒಂದು ಕಾಲು ಒಳಗಿತ್ತು!"

ಹೇಳಿದ ಮೇಲೆ ಆ ಮಾತು ಅವರ ಕಿವಿಗೇ ಬಿತ್ತು. ಸಾವಂತ್ರೆವ್ವ ಏದುಸಿರು ಬಿಡುತ್ತಾ ಪಕ್ಕಕ್ಕೆ ಬಂದು ನಿಂತಿದ್ದರು.

"ಅಂಪೈರ್ ಮಾತು ಕಡೀ ಮಾತು ಅಲ್ಲೇನ್ರಿ?" ಎಂದರು. ಈ ಸಲ ನಗಲಿಲ್ಲ.

"ಸಾವಂತ್ರಿ," ಎಂದರು ಮಾಸ್ತರರು. "ಅವತ್ತು ನಾ ಕಾಲು ನೋಡಿರಲೇ ಇಲ್ಲ. ನಿನ್ನ ಮಾರಿ ನೋಡಾಕತ್ತಿದ್ದೆ. ಬಾಜೂಕಿನವರು ಔಟ್ ಔಟ್ ಅಂತ ಒದರಿದ್ರು, ಗಾಬರಿ ಆಗಿ ಊದಿಬಿಟ್ಟೆ."

"ನಲವತ್ತು ವರ್ಷ ಹಿಡೀತೇನ್ರಿ ಇಷ್ಟು ಹೇಳಾಕ?" ಸಾವಂತ್ರೆವ್ವ ಸೆರಗಿನಿಂದ ಮುಖ ಒರೆಸಿಕೊಂಡರು. ಅದು ಬರೀ ಬೆವರಾಗಿರಲಿಲ್ಲ. "ಹಂಗಾರ ತೀರ್ಪು?"

"ನಾಟ್ ಔಟ್."

"ಬಾಯಿಲೆ ಹೇಳಿದ್ರ ನಡ್ಯಾಂಗಿಲ್ಲ. ಅವತ್ತು ಊದಿದಂಗ ಊದ್ರಿ."

ಡಾಕ್ಟರ ಮಾತು ಮರೆತೇಹೋಗಿತ್ತು. ಮಾಸ್ತರರು ಎದೆ ತುಂಬ ಉಸಿರು ತುಂಬಿಕೊಂಡು ಪೀ... ಎಂದು ಊದಿದರು. ಮೈದಾನದ ಮೂಲೆಮೂಲೆಯಿಂದ ಹಗ್ಗ ಕಿತ್ತುಕೊಂಡು ಹದಿನೇಳು ನಾಯಿಗಳು ಬಂದವು. ಅಡ್ಡಕೋಲು ಉರುಳಿದವು, ಕೊಳವೆ ಪಕ್ಕಕ್ಕೆ ಹೊರಳಿತು, ಮೇಜಿನ ಜೊತೆ ನಿರ್ಣಾಯಕನೂ ಮಗುಚಿಬಿದ್ದ. ಹದಿನೇಳೂ ಮಾಸ್ತರರ ಸುತ್ತ ಬಾಲ ಅಲ್ಲಾಡಿಸುತ್ತಾ ಶಿಸ್ತಾಗಿ ಕೂತವು. ಅವರ ಸರ್ವಿಸ್ಸಿನಲ್ಲಿ ಒಂದು ತಂಡವೂ ಇಷ್ಟು ಚೆನ್ನಾಗಿ ಸೀಟಿಗೆ ಬಂದಿರಲಿಲ್ಲ.

ನಿರ್ಣಾಯಕ ನೆಲದಿಂದ ಎದ್ದು ಮಣ್ಣು ಕೊಡವಿಕೊಂಡು ಬಾಗಿಲ ಕಡೆ ಕೈ ತೋರಿಸಿದ. ಮಾಸ್ತರರು ಕುಂಟುತ್ತಾ ಹೋಗಿ ಸುಣ್ಣದ ಗೆರೆಯ ಆಚೆ ನಿಂತರು. ಸಾವಂತ್ರೆವ್ವ ಗೆಣಸ್ಯಾನನ್ನು ಹಿಡಿದುಕೊಂಡು ಹಿಂದೆಯೇ ಬಂದು, ಬಗ್ಗಿ, ಗಂಡನ ಕಾಲುಗಳನ್ನು ನಿಧಾನವಾಗಿ ನೋಡಿದರು.

"ಎರಡೂ ಹೊರಗದಾವ್ರಿ," ಎಂದರು. "ನಾ ಕಾಲು ನೋಡೇ ಹೇಳಾಕತ್ತೀನಿ. ಔಟ್."