ಮೂರಕ್ಕೆ ಒಗ್ಗದ ಒಂದು ಲಕ್ಷದವರಿಗೆ

ಐದು ಸೊನ್ನೆಗಳ ಪರಿವಾರವಿಲ್ಲದೆ ಹೊರಗೆ ಕಾಲಿಡದ, ಪೂರ್ಣಾಂಕಗಳ ಕುಲದಲ್ಲಿ ಹೆಸರಾಂತ, ಒಂದು ಲಕ್ಷದವರ ಸನ್ನಿಧಾನಕ್ಕೆ ಆದೋನಿಯಿಂದ ಗಣಿತದ ಡಿಗ್ರಿ ಓದುತ್ತಿರುವ ವಿಠಲ್ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಮ್ಮ ಔದಾರ್ಯವನ್ನು ನಾನು ಬಲ್ಲೆ. ಐದು ಎರಡುಗಳನ್ನೂ ಐದು ಐದುಗಳನ್ನೂ ಗುಣಿಸಿದರೆ ತಾವು. ತಮ್ಮನ್ನು ಶೇಷವಿಲ್ಲದೆ ಭಾಗಿಸುವವರು ಮೂವತ್ತಾರು ಮಂದಿ. ಅವರಲ್ಲಿ ತಮ್ಮನ್ನು ಬಿಟ್ಟು ಉಳಿದವರನ್ನು ಕೂಡಿದರೆ ತಮಗಿಂತ ದೊಡ್ಡ ಮೊತ್ತ ಬರುವುದರಿಂದ, ಶಾಸ್ತ್ರವು ತಮ್ಮನ್ನು ಸಮೃದ್ಧ ಸಂಖ್ಯೆಗಳ ಸಾಲಿನಲ್ಲಿ ಕೂರಿಸಿದೆ. ಇಷ್ಟು ಸಮೃದ್ಧಿಯಿರುವ ತಮಗೆ ಒಂದೇ ಒಂದು ಮೂರನ್ನು ಒಳಗೆ ಬಿಟ್ಟುಕೊಳ್ಳಲು ಏನು ಕಷ್ಟವಿತ್ತು ಎಂಬುದೇ ನನ್ನ ವಿನಮ್ರ ದೂರು.

ನಮ್ಮಜ್ಜಿ ಅಂಬೂಬಾಯಿ ಈ ಕಾರ್ತಿಕ ಹುಣ್ಣಿಮೆಗೆ ಲಕ್ಷ ಬತ್ತಿ ಹಚ್ಚುವ ಹರಕೆ ಹೊತ್ತು, ಹತ್ತಿ ತರಿಸಿ, ಮೂವರು ಸೊಸೆಯರನ್ನು ಕೂರಿಸಿಕೊಂಡು, "ಮೂವರಿಗೂ ಸಮಪಾಲು. ಒಂದು ಹೆಚ್ಚೂ ಇಲ್ಲ, ಒಂದು ಕಮ್ಮೀನೂ ಇಲ್ಲ" ಎಂದು ಅಪ್ಪಣೆ ಕೊಡಿಸಿದರು. ತಲೆಗೆ 33,333 ಹೊಸೆದದ್ದಾಯಿತು. ಉಳಿಯಿತು ಒಂದು ಬತ್ತಿ. ಅದಕ್ಕೆಂದು ಅಜ್ಜಿ ದೇವರ ಮುಂದೆ ಬೆಳ್ಳಿ ಬಟ್ಟಲೊಂದನ್ನು ಖಾಲಿ ಇಟ್ಟರು.

"ಹಿರೇಸೊಸಿ ನಾನಿದ್ದೀನಿ, ಕಡೀದು ನಂದು" ಎಂದರು ದೊಡ್ಡಮ್ಮ ಪದ್ಮಜಾ. "ಪುಣ್ಯಾನೂ ಮೊದಲ ಪಂಕ್ತಿಯೊಳಗ ಅವರಿಗೇ ಬಡಸಬೇಕೇನು?" ಎಂದು ನನ್ನ ಅಮ್ಮ ಸುಷಮಾ ಗೋಡೆಯನ್ನು ಕೇಳಿದರು. "ಹತ್ತಿಯೊಳಗಿನ ಕಸ ಆರಿಸೋದು ನಾನು, ಬತ್ತಿ ಮಾತ್ರ ನಿಮಗೇನ್ರಿ?" ಎಂದರು ಚಿಕ್ಕಮ್ಮ ವಿಷ್ಣುಪ್ರಿಯಾ.

ಅಂದಿನಿಂದ ಮೂವರ ನಡುವೆ ಮಾತಿಲ್ಲ. ಉಪ್ಪು ಹಾಕಿದ್ದೇನೆಂದು ಒಬ್ಬರು ಇನ್ನೊಬ್ಬರಿಗೆ ಹೇಳದ ಕಾರಣ ಸಾರಿಗೆ ಮೂರು ಸಲ ಉಪ್ಪು ಬಿತ್ತು. ಅದನ್ನು ಉಂಡವನು ನಾನು, ತಾವಲ್ಲ. ಒಂದು ಬತ್ತಿ ಕಡಿಮೆಯಾದರೂ ಹರಕೆ ಕೆಟ್ಟಂತೆಯೇ ಎಂದು ಅಜ್ಜಿ ಊಟ ಬಿಟ್ಟರು. ಅದರಲ್ಲಿ ಸಾರಿನ ಪಾತ್ರವೂ ಇದ್ದೀತು.

ತಮ್ಮ ಪಕ್ಕದ ಮನೆಯ 99,999 ಅವರು ಮೂರೆಂದ ಕೂಡಲೇ ನಗುನಗುತ್ತ ಪಾಲಾಗುವುದನ್ನು ನೋಡಿ ಕಲಿತು, ಹುಣ್ಣಿಮೆಯ ಮಟ್ಟಿಗಾದರೂ ತಾವು ಒಂದನ್ನು ಕಳೆದುಕೊಂಡು, ಆದರೂ ಲಕ್ಷವಾಗಿಯೇ ಉಳಿಯಬೇಕೆಂದು ಕೋರಲು ನಾನು ಪೆನ್ನು ಹಿಡಿದದ್ದು.

ಅಷ್ಟರಲ್ಲಿ ಹುಣ್ಣಿಮೆ ಬೆಳಗಾಯಿತು. ನೋಡಿದರೆ ಬೆಳ್ಳಿ ಬಟ್ಟಲಲ್ಲಿ ಬತ್ತಿ ಮೂರು! ಸಾರಿನ ಉಪ್ಪಿನಂತೆಯೇ, ಒಬ್ಬರಿಗೊಬ್ಬರು ಹೇಳದೆ ಮೂವರೂ ಒಂದೊಂದು ಹೊಸೆದಿಟ್ಟಿದ್ದರು. ಸೊಸೆಯರು ಮುಖ ಮುಖ ನೋಡಿಕೊಂಡರು. "ಎರಡು ಹೆಚ್ಚಾದ್ರ ದೇವರೇನು ವಾಪಸ್ ಕಳಸ್ತಾನೇನ್ರೇ? ಹಚ್ರಿ!" ಎಂದರು ಅಜ್ಜಿ. ಮೊದಲು ನಕ್ಕವರು ದೊಡ್ಡಮ್ಮ.

ಆದ್ದರಿಂದ ತಮ್ಮನ್ನು ಸೇವೆಯಿಂದ ಬಿಡುಗಡೆ ಮಾಡಿ, ಆ ಹುದ್ದೆಗೆ 1,00,002 ಅವರನ್ನು ನೇಮಿಸಲಾಗಿದೆ ಎಂದು ತಿಳಿಸಲು ವಿಷಾದಿಸುತ್ತೇನೆ. ಅವರ ಮನೆಯಲ್ಲಿ ಎರಡು, ಮೂರು, ಏಳು, 2,381 ಎಲ್ಲರೂ ಹೊಂದಿಕೊಂಡು ಸಂಸಾರ ಮಾಡುತ್ತಿದ್ದಾರೆ.

ಶೇಷ ಒಂದರ ಹೊರತು ಮತ್ತೆಲ್ಲ ರೀತಿಯಲ್ಲೂ ತಮ್ಮ ವಿಶ್ವಾಸಿ,
ವಿಠಲ್

ಮರೆತ ಮಾತು: ಕಿರಿಯ ಚಿಕ್ಕಪ್ಪ ಸುಯಮೀಂದ್ರನಿಗೆ ಹಾಲಹರವಿಯ ಹೆಣ್ಣು ಗೊತ್ತಾಗಿದೆ, ಮುಂದಿನ ಕಾರ್ತಿಕಕ್ಕೂ ಅಜ್ಜಿ ಹರಕೆ ಹೊತ್ತಿದ್ದಾರೆ. ಸೊಸೆಯರು ನಾಲ್ವರೆಂದೊಡನೆ ಹೊಸದಾಗಿ ನೇಮಕಗೊಂಡ 1,00,002 ಅವರು ಎರಡು ಬತ್ತಿ ಉಳಿಸಿ ಕೈ ಎತ್ತುತ್ತಾರೆ. ತಾವಾದರೋ ತಲೆಗೆ ಇಪ್ಪತ್ತೈದು ಸಾವಿರ, ಜಗಳವಿಲ್ಲ. ಆದಕಾರಣ ಮೇಲಿನ ಪತ್ರವನ್ನು ಓದದೆ, ಸೊನ್ನೆಗಳನ್ನು ಚದುರಿಸದೆ, ಇದ್ದಲ್ಲೇ ಇರತಕ್ಕದ್ದು.