ಓಬಳೇಶನ ಬಂದೂಕಿನ ಬೆಲೆ

"ನಾಳೆ ಮಹಾನವಮಿ. ನಾಳೆ ಈ ಊರಿನ ಬಾಯಿಗೆ ಬೀಗ ಜಡೀಲಿಲ್ಲ ಅಂದ್ರ ನಾನು ನಮ್ಮಪ್ಪಗ ಹುಟ್ಟಿದವನೇ ಅಲ್ಲ!" ಎಂದು ಉಜ್ಜಿನಪ್ಪ ಮೀಸೆ ತಿರುವಿದ.

ಹುಣಸೆಹಣ್ಣು ಹಚ್ಚಿ ಚೊಂಬು ತಿಕ್ಕುತ್ತಿದ್ದ ಹೆಂಡತಿ ವಿರುಪಮ್ಮ ತಲೆ ಎತ್ತಲಿಲ್ಲ. "ಮೊದಲ ನಿಮ್ಮ ಬಾಯಿಗೆ ಜಡೀರಿ. ಊರಿಂದು ತಾನಾ ಮುಚ್ಚತೈತಿ."

ಅವಳು ಹೇಳಿದ್ದು ಸರಿಯೇ. ಏಕೆಂದರೆ ಕಡ್ಡಿರಾಂಪುರದ ಆ ಮನೆಯಲ್ಲಿ ಏಳು ವರ್ಷದಿಂದ ಒಂದು ಸುಳ್ಳು ಅಂಬಲಿ ಕುಡಿದು ಬೆಳೆಯುತ್ತಿತ್ತು.

ಉಜ್ಜಿನಪ್ಪನ ತಮ್ಮ ಓಬಳೇಶ ಜರ್ಮನಿ ಯುದ್ಧದಲ್ಲಿ ಪಲ್ಟನ್ನಿನ ಹೇಸರಗತ್ತೆ ಹೊಡೆದುಕೊಂಡು ಬಸ್ರಾಕ್ಕೆ ಹೋದವನು ತಿರುಗಿ ಬರಲಿಲ್ಲ. ಸತ್ತನೆಂದು ಒಂದು ಕಾಗದ ಬಂತು. ಹೆಣವಿಲ್ಲ, ಬೂದಿಯಿಲ್ಲ, ಉಟ್ಟ ಬಟ್ಟೆಯ ಚೂರೂ ಇಲ್ಲ. ತಾಯಿ ಉಚ್ಚೆಂಗಮ್ಮ ಹೊಸ್ತಿಲ ಮೇಲೆ ಕುಂತುಬಿಟ್ಟಳು. "ಅವನ ಮೈಗೆ ತಾಗಿದ್ದು ಏನರ ತೋರಿಸ್ರಿ, ಆಮ್ಯಾಲ ನಂಬತೀನಿ." ತುತ್ತು ಬಾಯಿಗೆ ಹೋಗಲಿಲ್ಲ. ಮುದುಕಿ ಸವೆದು ಕಡ್ಡಿಯಂತಾದಳು.

ಆಗ ಉಜ್ಜಿನಪ್ಪ ಬಳ್ಳಾರಿಗೆ ಹೋಗಿ, ದಂಡಿನ ಗುಜರಿ ಹರಾಜಿನಲ್ಲಿ ಐದು ರೂಪಾಯಿಗೆ ಒಂದು ಹಳೇ ಬಂದೂಕು ಹಿಡಿದು ತಂದ. "ಯವ್ವಾ, ಸರ್ಕಾರ ಕಳಿಸೈತಿ. ನಮ್ಮ ಓಬಳೇಶಂದು." ಮುದುಕಿ ಅದನ್ನು ತಬ್ಬಿಕೊಂಡು ಹೊಟ್ಟೆ ತುಂಬಾ ಅತ್ತಳು. ಅವತ್ತೇ ಅಂಬಲಿ ಕುಡಿದಳು.

ಆ ಬಂದೂಕಿನ ನಳಿಗೆಯಲ್ಲಿ ಬೆರಳು ತೂರುವಂಥ ಒಂದು ತೂತಿತ್ತು. ಹೊಸ ಸಿಪಾಯಿಗಳ ಕವಾಯತಿಗೆಂದು ಸರ್ಕಾರವೇ ಕೊರೆದ ತೂತು. ಹೆಗಲ ಮೇಲೆ ಹೊರಬಹುದು, ಗುಂಡು ಹಾರಿಸುವಂತಿಲ್ಲ! ಮೊದಲ ಮಹಾನವಮಿಗೆ ಉಜ್ಜಿನಪ್ಪನೇ ಯಾರ ಕಣ್ಣಿಗೂ ಬೀಳದಂತೆ ಅದರೊಳಗೆ ಅರಿಸಿನ ಮೆತ್ತಿ ಮೇಲೊಂದು ಕುಂಕುಮದ ಬೊಟ್ಟು ಇಟ್ಟ. ವರ್ಷವರ್ಷವೂ ಮುದುಕಿ ಬೊಟ್ಟಿನ ಮೇಲೆ ಬೊಟ್ಟು ಇಡುತ್ತ ಹೋದಳು. ಏಳು ಹಬ್ಬಕ್ಕೆ ಅರಿಸಿನವೇ ಕಬ್ಬಿಣವಾಯಿತು.

ಎಲ್ಲ ಸುಸೂತ್ರವಾಗಿತ್ತು, ಪಕ್ಕದ ಮನೆಯ ಸುಂಕಪ್ಪ ಕಟ್ಟೆಯ ಮೇಲೆ ಬಾಯಿ ಬಿಡುವವರೆಗೆ. "ಅಲ್ಲಲೇ, ಹೇಸರಗತ್ತಿ ಹೊಡಿಯಾಕ ಹೋದವನಿಗೆ ಬಂದೂಕು ಯಾವನು ಕೊಟ್ಟ?" ಅದು ಮುದುಕಿಯ ಕಿವಿಗೆ ಬಿತ್ತು.

"ತಿಳಿದವರನ್ನ ಕರಕೊಂಡು ಬಾ, ಉಜ್ಜಿನ್ಯಾ. ನನ್ನ ಮಗಂದು ಹೌದೋ ಅಲ್ಲೋ ಹೇಳಲಿ."

ಉಜ್ಜಿನಪ್ಪ ಹೊಸಪೇಟೆಯ ಮರಿಸ್ವಾಮಿಯನ್ನು ಗೊತ್ತು ಮಾಡಿದ. ದಂಡಿನಲ್ಲಿ ಬಂದೂಕು ರಿಪೇರಿ ಮಾಡಿ ಮುದುಕನಾದ ಆಸಾಮಿ. ಕೂಲಿ, ಒಂದು ಹುಂಜ, ಒಂದು ಗಡಿಗೆ ಸೇಂದಿ. "ಬಸ್ರಾದ್ದು ಅನ್ನಬೇಕು. ಐದುನೂರು ಬೆಲಿ ಕಟ್ಟಬೇಕು."

"ಸೇಂದಿ ಮೊದಲ ಕೊಟ್ಟರ ಸಾವಿರ ಕಟ್ಟತೀನಿ," ಎಂದ ಮರಿಸ್ವಾಮಿ.

ಮೊದಲೇ ಕೊಟ್ಟದ್ದು ತಪ್ಪಾಯಿತು!

ಹಬ್ಬದ ದಿನ ಮರಿಸ್ವಾಮಿ ಸವಾರಿ ಬಂದ, ಅದೇ ದಂಡಿನವರು ಬೇಡವೆಂದು ಮಾರಿದ ಒಂದು ಮುದಿ ಹೇಸರಗತ್ತೆಯ ಮೇಲೆ. ಊರು ನೆರೆಯಿತು. ಹಂಪಿಗೆ ಹೊರಟವರೂ ಬಂಡಿ ನಿಲ್ಲಿಸಿದರು. ಅವನು ಬಂದೂಕು ಎತ್ತಿ ಮೂಸಿದ, ಒಂದು ಕಣ್ಣು ಮುಚ್ಚಿದ, ಹಿಡಿ ಬಡಿದ. "ಅಬಬಬ! ಮಾರ್ಟಿನ್ ಬಂದೂಕು! ರಾಣಿ ಕಿರೀಟ ನೋಡ್ರಿ! ಇಸವಿ ಹದಿನೆಂಟುನೂರ ಎಂಬತ್ತು!"

"ಅವಾಗ ಓಬಳೇಶ ಹುಟ್ಟೇ ಇರಲಿಲ್ಲ," ಎಂದ ಸುಂಕಪ್ಪ.

"ಹುಣಸಿಹಣ್ಣಾಗಲಿ ಬಂದೂಕಾಗಲಿ, ಹಳೇದಾದಷ್ಟೂ ಬೆಲಿ! ಬಸ್ರಾ ಕಂಡು ಬಂದಿರೋ ಮಾಲು! ಸಾವಿರ ರೂಪಾಯಿ!"

ಉಜ್ಜಿನಪ್ಪನ ಎದೆ ಕಣಜದಂತೆ ಉಬ್ಬಿತು. ಕುಂಕುಮದ ತಟ್ಟೆ ಹಿಡಿದಿದ್ದ ಮುದುಕಿ ಮೆಲ್ಲಗೆ ಕೇಳಿದಳು, "ಬೆಲಿ ಇರಲಿ, ಮರಿಸ್ವಾಮಿ. ಇದರಿಂದ ಎಷ್ಟು ಮಂದಿ ಸತ್ತಾರಪಾ?"

ಈ ಪ್ರಶ್ನೆಗೆ ಯಾರೂ ಉತ್ತರ ಕಲಿಸಿರಲಿಲ್ಲ. ಸೇಂದಿಯೇ ಉತ್ತರ ಕೊಟ್ಟಿತು. "ಇಪ್ಪತ್ತು ತಲಿ! ಕಮ್ಮಿ ಅಂದ್ರ ಇಪ್ಪತ್ತು!"

ಮುದುಕಿ ತಟ್ಟೆ ಕೆಳಗಿಟ್ಟಳು. "ಹುಂಜದ ಕುತ್ತಿಗಿ ಕೊಯ್ದರ ಹಿತ್ತಲಕ್ಕ ಓಡಿ ಅಳತಿದ್ದ ನನ್ನ ಮಗ. ಇಪ್ಪತ್ತು ತಾಯಂದಿರ ಹೊಟ್ಟಿ ಉರಿಸಿದನೇನು? ಇದನ್ನ ಮಗ್ಗಲದಾಗ ಇಟ್ಕೊಂಡು ಮಲಗೀನಲ್ಲೋ! ಒಯ್ದು ಹೊಳಿಗೆ ಒಗೀರಿ."

"ಯವ್ವಾ, ಹತ್ತು ಇರಬೇಕು!" ಎಂದ ಉಜ್ಜಿನಪ್ಪ.

"ಐದು!" ಎಂದ ಮರಿಸ್ವಾಮಿ.

"ಒಬ್ಬನೇ ಯವ್ವಾ, ಅವನೂ ಸಾಯಾಕ ಬಿದ್ದ ಮುದುಕ!"

ಸಂತೆಯ ಬದನೆಕಾಯಿಯಂತೆ ತಲೆಗಳ ದರ ಇಳಿಯಿತು. ಮುದುಕಿ ಕೇಳಲಿಲ್ಲ, ಬಂದೂಕನ್ನು ಎಳೆದುಕೊಂಡು ಹೊರಟೇಬಿಟ್ಟಳು. ಉಜ್ಜಿನಪ್ಪ ಅಡ್ಡ ಬಿದ್ದು, ಪೂಜೆಗಿಟ್ಟಿದ್ದ ಕುಡುಗೋಲಿನ ತುದಿಯಿಂದ ಏಳು ವರ್ಷದ ಅರಿಸಿನ ಕುಂಕುಮ ಕೆತ್ತಿ ತೆಗೆದ. ಆಚೆ ಬೆಳಕು ಕಾಣುವ ತೂತು!

"ನೋಡವ್ವಾ. ಇದು ಕವಾಯತಿನ ಬಂದೂಕು. ಗುಂಡು ಹಾರಂಗಿಲ್ಲ. ಬಳ್ಳಾರಿ ಹರಾಜಿನಾಗ ತಂದೆ. ಓಬಳೇಶನ ಕೈಯಾಗ ಬಂದೂಕ ಇರಲಿಲ್ಲ. ಬರೇ ಹೇಸರಗತ್ತಿ ಹಗ್ಗ ಇತ್ತು."

"ಇದರಿಂದ ನೊಣಾನೂ ಸತ್ತಿಲ್ಲವ್ವಾ," ಎಂದ ಮರಿಸ್ವಾಮಿ. ಅವನ ನಶೆ ಇಳಿದಿತ್ತು.

ಮುದುಕಿ ಆ ತೂತಿನೊಳಗೆ ಬೆರಳು ಇಟ್ಟಳು. "ಹಂಗಾರ ಏಳು ವರ್ಷ ನಾನು ಕುಂಕುಮ ಇಟ್ಟಿದ್ದು ಯಾರ ಮಗನ ಬಂದೂಕಿಗಲೇ?"

ಸುಂಕಪ್ಪ ಕೂಡ ನೆಲ ನೋಡಿದ.

ಅವಳು ತಟ್ಟೆ ಎತ್ತಿಕೊಂಡು ಬೇವಿನ ಮರದ ಕಡೆ ನಡೆದಳು. ಅಲ್ಲಿ ಕಟ್ಟಿದ್ದ ಹೇಸರಗತ್ತೆಯ ಚರ್ಮದ ಮೇಲೆ ಸುಟ್ಟ ನಂಬರು ಇನ್ನೂ ಕಾಣುತ್ತಿತ್ತು. ಸರ್ಕಾರ ಹೇಸರಗತ್ತೆಗೆ ನಂಬರು ಕೊಟ್ಟಿತ್ತು. ಅದನ್ನು ಹೊಡೆದುಕೊಂಡು ಹೋಗಿ ಸತ್ತವನ ಸುದ್ದಿಗೆ ಅರ್ಧ ಹಾಳೆ ಸಾಕೆಂದಿತ್ತು.

"ಮರಿಸ್ವಾಮಿ, ಇದು ಬಸ್ರಾಕ್ಕ ಹೋಗಿತ್ತೇನು?"

ಮರಿಸ್ವಾಮಿ ಬಾಯಿ ತೆರೆದ. ಉಜ್ಜಿನಪ್ಪನ ಮುಖ ನೋಡಿದ. "ಗೊತ್ತಿಲ್ಲವ್ವಾ."

"ಗೊತ್ತಿಲ್ಲ ಅಂದ್ಯಲ್ಲ. ಅಷ್ಟು ಸಾಕು."

ಮುದುಕಿ ಅದರ ಹಣೆಗೆ ಅರಿಸಿನ ಹಚ್ಚಿ ಕುಂಕುಮ ಇಟ್ಟಳು. ಕುತ್ತಿಗೆ ಸವರಿದಳು. ಪ್ರಾಣಿ ಕಿವಿ ಇಳಿಬಿಟ್ಟು ನಿಂತಿತು.

"ತಪ್ಪಾತು, ಯವ್ವಾ..." ಎನ್ನುತ್ತ ಉಜ್ಜಿನಪ್ಪ ಹಿಂದಿನಿಂದ ಬಂದ. ಹೇಸರಗತ್ತೆಯ ಹಿಂದಿನಿಂದಲೇ ಬಂದ! ಒಂದೇ ಒದೆತ. ಕಡ್ಡಿರಾಂಪುರದ ಬಾಯಿಗೆ ಬೀಗ ಜಡಿಯಲು ಹೊರಟ ಶೂರ ತಿಪ್ಪೆಯೊಳಗೆ ಅಂಗಾತ ಬಿದ್ದ. ಎತ್ತಲು ಸುಂಕಪ್ಪ ಓಡಿದ, ವಿರುಪಮ್ಮ ಓಡಿದಳು.

ಮುದುಕಿ ತಿರುಗಿಯೂ ನೋಡಲಿಲ್ಲ. ಕುತ್ತಿಗೆ ಸವರುತ್ತಲೇ ಹೇಳಿದಳು:

"ಬಾಯಿದ್ದ ನೀವು ಏಳು ವರ್ಷ ಒಬ್ಬರೂ ಖರೇ ಹೇಳಲಿಲ್ಲ. ಇದು ಕಾಲಿಂದರ ಹೇಳ್ತು."